ಕುಂಕುಮದ ಭರಣಿ

ಇತಿಹಾಸವನ್ನು ಬರೆಯತಕ್ಕವರು ಸಾಮಾನ್ಯವಾಗಿ ಶಾಸನ, ನಾಣ್ಯ, ದೇವಾಲಯ, ಓಲೆಯ ಗ್ರಂಥ ಎಂಬ ನಾಲ್ಕು ಸಾಧನಗಳನ್ನು ಮುಂದಿಟ್ಟುಕೊಂಡು ಕೆಲಸಕ್ಕೆ ತೊಡಗುವರು. ಇವುಗಳಿಂದ ಅರಸರ ವಂಶಾವಳಿಯು ತಿಳಿಯುವುದು. ಯುದ್ಧಗಳೂ ದಾನಗಳೂ ತಿಳಿಯುವುವು. ಕವಿಗಳ ಕಾಲವೂ ಒಂದಿಷ್ಟು ನಿಷ್ಕರ್ಷೆಯಾಗುವುದು. ಆದರೆ ಆ ಅರಸರ ಕಾಲದಲ್ಲಿ ಸಾಮಾನ್ಯ ಗೃಹಸ್ಥನ ಮನೆಯೊಳಗೆ ಬೆಳಗಿನಿಂದ ಸಂಜೆಯ ವರೆಗೆ ಏನು ನಡೆಯುತ್ತಿದ್ದಿತು, ಆ ಮನೆಯ ಹೆಂಗಸರು ಯಾವ ವಸ್ತುವನ್ನು ತಮ್ಮದೆಂದು ಹೇಳಿಕೊಳ್ಳಬಲ್ಲವರಾಗಿದ್ದರು ಎಂದು ಕೇಳಿದರೆ ಈ ಸಾಧನಗಳು ಬಹುಮಟ್ಟಿಗೆ ಮೌನವಾಗಿರುವುವು. ಅಂಥ ಪ್ರಶ್ನೆಗೆ ಉತ್ತರವು ದೇವರ ಗೂಡಿನಲ್ಲಿಯೂ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿಯೂ ಇರುವುದು. ಅವುಗಳಲ್ಲಿ ಒಂದು ಅಲ್ಪವಸ್ತುವಾದ ಕುಂಕುಮದ ಭರಣಿಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶವು.

ಮೊದಲು ಹೆಸರುಗಳನ್ನು ನೋಡೋಣ. ನಮ್ಮಲ್ಲಿ ಭರಣಿ, ಕರಡಿಗೆ, ಬಟ್ಟಲು, ಪೆಟ್ಟಿಗೆ ಎಂಬ ಮಾತುಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕರಡಿಗೆ ಎಂಬುದು ಸಂಸ್ಕೃತದ ಕರಂಡ ಶಬ್ದದ ತದ್ಭವವು. ನೆರೆಯ ಮಹಾರಾಷ್ಟ್ರದವರು ಇಂದಿಗೂ ಕುಂಕುಮದ ಡಬ್ಬಿಗೆ ಕರಂಡಾ ಎನ್ನುವರು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಸಮುದ್ಗಕ, ಸಂಪುಟಕ, ಮಂಜೂಷಾ ಎಂಬ ಶಬ್ದಗಳು ನೆನಪಿರಬಹುದು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಇವು ಬರಿಯ ಪರ್ಯಾಯಪದಗಳೆಂದು ಎಣಿಸಿ ಒಪ್ಪಿಸಿದ್ದೆನು. ಅವುಗಳ ಹಿಂದೆ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಿವೆಯೆಂಬುದು ಬಹಳ ಕಾಲದ ಮೇಲೆ ತಿಳಿಯಿತು. ಆಂಧ್ರದೇಶದ ಭಟ್ಟಿಪ್ರೋಲು ಎಂಬಲ್ಲಿಯ ಬೌದ್ಧಸ್ತೂಪವನ್ನು ೧೮೯೨ನೆಯ ಇಸವಿಯಲ್ಲಿ ಅಲೆಕ್ಸಾಂಡರ್ ರೀ ಎಂಬವರು ಅಗೆಯಿಸಿದಾಗ ಧಾತುಗಳನ್ನು ಇಟ್ಟ ಕಲ್ಲಿನ ಕರಂಡಗಳು ದೊರೆತುವು. ಅವುಗಳ ಮೇಲಿನ ಬ್ರಾಹ್ಮೀ ಬರಹದಲ್ಲಿ ಮಂಜೂಷಾ, ಸಮುದ್ಗ ಎಂಬ ಇವೇ ಶಬ್ದಗಳು ಪ್ರಾಕೃತರೂಪದಲ್ಲಿ ಕಾಣುವುವು. ಎಂದರೆ, ಪೂಜ್ಯವಾದುದನ್ನು ಪುಟ್ಟ ಮುಚ್ಚಳದ ಕರಡಿಗೆಯಲ್ಲಿಟ್ಟು ಕಾಪಾಡುವ ಪದ್ಧತಿಯೂ ಅದಕ್ಕೆ ಈ ಹೆಸರುಗಳೂ ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಇಂದು ನಾವು ಗ್ರಂಥದ ಭಾಗಕ್ಕೆ ಹೇಳುವ ಸಂಪುಟವೆಂಬುದು ಕೂಡ ಮೂಲತಃ ಎರಡು ಬಟ್ಟಲುಗಳನ್ನು ಒಂದಕ್ಕೊಂದು ಕವುಚಿಟ್ಟ ಕರಡಿಗೆಯೇ ಆಗಿದೆ.

ಇನ್ನು ಕರಡಿಗೆಯೊಳಗಿನ ದ್ರವ್ಯವನ್ನು ವಿಚಾರಿಸಬೇಕು. ಕುಂಕುಮವೆಂದರೆ ಹಿಂದಿನ ಕಾವ್ಯಗಳಲ್ಲಿ ಈಗಿನ ಕೆಂಪು ಪುಡಿಯಲ್ಲ, ಅದು ಕುಂಕುಮಕೇಸರಿಯು. ಕಾಶ್ಮೀರಜನ್ಮ, ಬಾಹ್ಲೀಕ ಎಂಬ ಅದರ ಹೆಸರುಗಳೇ ಅದು ಬಂದ ದೇಶಗಳನ್ನು ಹೇಳುವುವು. ಹನ್ನೆರಡನೆಯ ಶತಮಾನದಲ್ಲಿದ್ದ ಕಲ್ಹಣನು ತನ್ನ ರಾಜತರಂಗಿಣಿಯಲ್ಲಿ ಕಾಶ್ಮೀರದ ಹೆಮ್ಮೆಯ ವಸ್ತುಗಳನ್ನು ಎಣಿಸುವಾಗ ವಿದ್ಯೆ, ದ್ರಾಕ್ಷಿಗಳ ಜತೆಯಲ್ಲಿ ಇದನ್ನೂ ಸೇರಿಸಿದ್ದಾನೆ. ಅಷ್ಟು ದೂರದಿಂದ ಬರುವ, ಅಷ್ಟು ಬೆಲೆಯುಳ್ಳ ದ್ರವ್ಯವು ಎಲ್ಲರ ಮನೆಗೂ ನಿತ್ಯದ ಬಳಕೆಗೆ ಒದಗುವುದು ಸಾಧ್ಯವಿರಲಿಲ್ಲ. ಸಾಮಾನ್ಯರ ಮನೆಯಲ್ಲಿ ಆ ಹೆಸರನ್ನು ಪಡೆದುದು ಅರಿಶಿನದಿಂದ ಮಾಡಿದ ಕೆಂಪು ಪುಡಿ. ಅರಿಶಿನಕ್ಕೆ ಸುಣ್ಣವು ಸೋಂಕಿದರೆ ಕೆಂಪಾಗುವುದೆಂಬುದು ಆರತಿಯ ತಟ್ಟೆಯಲ್ಲಿ ಓಕುಳಿಯನ್ನು ಕದಡಿದ ಎಲ್ಲ ಗೃಹಿಣಿಯರೂ ಬಲ್ಲ ವಿಷಯವು. ಕುಂಕುಮಕ್ಕಾದರೋ ಬಿಳಿಗಾರ, ಪಟಿಕ, ನಿಂಬೆಯ ರಸಗಳನ್ನು ಅರಿಶಿನದ ಕೊಂಬುಗಳಿಗೆ ಊಡಿಸಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿಯುವರು. ಉತ್ತರದೇಶದ ಸಿಂಧೂರವು ಇದಕ್ಕಿಂತ ಭಿನ್ನವಾದುದು. ಅದು ಸೀಸದಿಂದಲೋ ಪಾದರಸದ ಹಿಂಗುಲದಿಂದಲೋ ಆದ ಖನಿಜವರ್ಣವಾದ್ದರಿಂದ ವಿಷಯುಕ್ತವೂ ಹೌದು. ಹಳೆಯ ಕರಡಿಗೆಗಳನ್ನು ಕೈಗೆತ್ತಿಕೊಳ್ಳುವವರು ಈ ಭೇದವನ್ನು ಮರೆಯಬಾರದು.

ಮತಸಂಪ್ರದಾಯಗಳಿಗೆ ತಕ್ಕಂತೆ ಕರಡಿಗೆಗಳ ರೂಪವೂ ಬೇರೆಯಾಗಿದೆ. ಶ್ರೀವೈಷ್ಣವರ ತಿರುಮಣ್ಣಿನ ಪೆಟ್ಟಿಗೆಯಲ್ಲಿ ಬಿಳಿಯ ಮಣ್ಣಿಗೊಂದು ಮನೆ, ಕೆಂಪು ಶ್ರೀಚೂರ್ಣಕ್ಕೊಂದು ಮನೆ, ಕಲಸಲು ಪುಟ್ಟ ಬಟ್ಟಲು, ತೆಳ್ಳನೆಯ ಕಡ್ಡಿ, ಕೈಗನ್ನಡಿ ಇವಿಷ್ಟೂ ಅಡಕವಾಗಿರುವುವು. ಮಾಧ್ವರ ಸಂಪುಟದಲ್ಲಿ ಗೋಪೀಚಂದನವೂ ಮುದ್ರೆಗಳೂ ಇರುವುವು. ವೀರಶೈವರಿಗೆ ವಿಭೂತಿಯು ಅಷ್ಟಾವರಣಗಳಲ್ಲಿ ಒಂದು. ಅವರಲ್ಲಿ ಕರಡಿಗೆಯೆಂಬ ಮಾತು ಇಷ್ಟಲಿಂಗವನ್ನು ಇಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಸಂಪುಟಕ್ಕೆ ಸಲ್ಲುವುದು. ಇವು ಬಹುಮಟ್ಟಿಗೆ ನಿತ್ಯಾಹ್ನಿಕಕ್ಕೆ ಸೇರಿದ ವಸ್ತುಗಳು. ಕುಂಕುಮದ ಭರಣಿಯು ಹಾಗಲ್ಲ. ಅದು ಮದುವೆಯಲ್ಲಿ ಹೆಣ್ಣಿನೊಡನೆ ಬಂದು, ಅವಳ ಕೈಯಲ್ಲಿ ಸವೆದು, ಅವಳಿಂದ ಮಗಳಿಗೋ ಸೊಸೆಗೋ ಹೋಗುವಂಥದು. ಆದಕಾರಣ ನಾವು ಅದರ ಮೇಲೆಯೇ ಹೆಚ್ಚು ಗಮನವಿಡೋಣ.

ಅದರ ಆಕಾರಗಳು ಹಲವು. ಮಾವಿನಕಾಯಿಯ ಆಕೃತಿಯದು ಬಹಳ ಪ್ರಸಿದ್ಧವಾದುದು. ಮರಾಠಿಯಲ್ಲಿ ಎಳೆಯ ಮಾವಿನಕಾಯಿಗೂ ಈ ಡಬ್ಬಿಗೂ ಕೊಯಿರಿ ಎಂಬ ಒಂದೇ ಹೆಸರು. ಕಮಲದ ಮೊಗ್ಗಿನಂತೆ, ಗೋಪುರದಂತೆ, ನವಿಲಿನಂತೆ, ಹಂಸದಂತೆ ಮಾಡಿದವೂ ಉಂಟು. ನಡುವಿನ ಒಂದು ತಿರುಪನ್ನು ತಿರುಗಿಸಿದರೆ ಸುತ್ತಲಿನ ಬಟ್ಟಲುಗಳೆಲ್ಲ ತೆರೆಯುವ ಪಂಚಪಾಳದಲ್ಲಿ ಅರಿಶಿನ, ಕುಂಕುಮ, ಅಕ್ಷತೆ, ಗಂಧ ಮೊದಲಾದವನ್ನು ಬೇರೆಬೇರೆಯಾಗಿ ಇಡುವರು. ಒಂದರ ಮೇಲೊಂದು ಕೂರುವ ಎರಡು ಅಂತಸ್ತಿನ ಭರಣಿಗಳಲ್ಲಿ ಕೆಳಗಿನ ಅಥವಾ ಮೇಲಿನ ಮನೆಯು ಮೇಣಕ್ಕಾಗಿ ಇರುವುದು. ಈಗಿನವರಿಗೆ ಇದು ಸೋಜಿಗವಾಗಿ ತೋರಬಹುದು. ಪುಡಿಯ ಕುಂಕುಮವು ಬೆವರಿಗೆ ಇಳಿಯದಂತೆ, ಮೊದಲು ಹಣೆಯ ಮೇಲೆ ಜೇನುಮೇಣವನ್ನು ದುಂಡಗೆ ತೀಡಿ ಅದರ ಮೇಲೆ ಕುಂಕುಮವನ್ನು ಒತ್ತುವುದು ನಮ್ಮ ಅಜ್ಜಿಯರ ಪದ್ಧತಿಯಾಗಿತ್ತು. ಹಳೆಯ ಭರಣಿಯ ತಳದಲ್ಲಿ ಕಪ್ಪಾಗಿ ಅಂಟಿಕೊಂಡಿರುವ ಜಿಡ್ಡು ಕೊಳೆಯಲ್ಲ. ಅದು ಆ ಮೇಣದ ಶೇಷವು.

ಹಿತ್ತಾಳೆಯ ಭರಣಿಗಳಲ್ಲಿ ಎರಕದವು ಕೆಲವು, ತಗಡನ್ನು ಬಡಿದು ಮಾಡಿದವು ಕೆಲವು. ಎರಕದ ವಿದ್ಯೆಗೂ ಮೇಣವೇ ಮೂಲವು. ಮಧೂಚ್ಛಿಷ್ಟವೆಂದು ಸಂಸ್ಕೃತದಲ್ಲಿ ಕರೆಯುವ ಜೇನುಮೇಣದಿಂದ ವಸ್ತುವಿನ ರೂಪವನ್ನು ಮಾಡಿ, ಅದಕ್ಕೆ ನುಣ್ಣನೆಯ ಮಣ್ಣನ್ನು ಪದರಪದರವಾಗಿ ಲೇಪಿಸಿ ಒಣಗಿಸಿ, ಕಾಯಿಸಿದರೆ ಮೇಣವು ಕರಗಿ ಹರಿದುಹೋಗುವುದು. ಆ ಬರಿದಾದ ಎಡೆಗೆ ಕಾದ ಲೋಹವನ್ನು ಹೊಯ್ಯುವರು. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ವಿಧಾನವನ್ನು ಪ್ರತಿಮೆಗಳ ಸಂದರ್ಭದಲ್ಲಿ ವಿವರಿಸಿ, ಮೇಣವನ್ನು ಮೊದಲೇ ತೂಗಿ ಲೋಹದ ತೂಕವನ್ನು ಅದರಿಂದ ನಿಶ್ಚಯಿಸಬೇಕೆಂದು ಹೇಳಿದೆ. ಅದೇ ಗ್ರಂಥದಲ್ಲಿ ತಾಂಬೂಲ, ವಿಲೇಪನ ಮೊದಲಾದ ಉಪಭೋಗಗಳ ವರ್ಣನೆಯೂ ಉಂಟು. ಅರಸನಿಗೆ ತಕ್ಕ ಶಾಸ್ತ್ರವಾಗಿ ಬರೆಯಲ್ಪಟ್ಟ ಆ ವಿಧಾನವನ್ನೇ ನಾಗಮಂಗಲದಂಥ ಊರುಗಳ ಕುಶಲರಾದ ಲೋಹಕಾರರು ಗ್ರಂಥದ ಹಂಗಿಲ್ಲದೆ ತಂದೆಯಿಂದ ಮಗನಿಗೆ ಉಳಿಸಿಕೊಂಡು ಬಂದರು. ಹೀಗೆ ಮೇಣದಲ್ಲಿ ಒಂದು ಬಾರಿ ಮಾಡಿದ ರೂಪವು ಕರಗಿಹೋಗುವುದರಿಂದ, ಆ ಬಗೆಯ ಎರಕದಲ್ಲಿ ಒಂದರ ಪ್ರತಿ ಇನ್ನೊಂದಾಗುವುದಿಲ್ಲ. ಒಂದೇ ಕೈಯ ಎರಡು ಭರಣಿಗಳನ್ನು ಅಕ್ಕಪಕ್ಕದಲ್ಲಿಟ್ಟರೂ ಅಕ್ಕತಂಗಿಯರಂತೆ ಹೋಲುವುವೇ ಹೊರತು ಅವು ಒಂದೇ ಎನ್ನುವಂತಿರುವುದಿಲ್ಲ.

ಮರದ ಭರಣಿಗಳನ್ನೂ ಉಪೇಕ್ಷಿಸಲಾಗದು. ಚನ್ನಪಟ್ಟಣದ ಕೆಲಸಗಾರರು ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ತಿಕ್ಕಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುವುದು. ಬಳಿಕ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುವುದು. ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಕರಡಿಗೆಗಳು ಸಿರಿವಂತರ ಮನೆಗಳಿಗೆ ಸಂದವು. ಲೋಹಕ್ಕೆ ಕಿಲುಬಿನ ಭಯವುಂಟು, ಮರಕ್ಕೆ ಅದಿಲ್ಲ. ಆದರೆ ಮರಕ್ಕೆ ಹುಳುವಿನ ಭಯವುಂಟು, ಲೋಹಕ್ಕೆ ಅದಿಲ್ಲ. ಇಂದು ನಮಗೆ ದೊರೆಯುವ ಹಳೆಯ ಭರಣಿಗಳಲ್ಲಿ ಲೋಹದವೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವು.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರುವೆನು. ನಮ್ಮ ಮನೆಗಳಲ್ಲಿ ಪಾತ್ರೆಗಳಿಗೆ ಹೆಸರು ಹಾಕಿಸುವ ರೂಢಿಯು ಎಲ್ಲರಿಗೂ ತಿಳಿದುದೇ. ಮದುವೆ ಮುಂಜಿಗಳಲ್ಲಿ ಪಾತ್ರೆಗಳು ನೆರೆಮನೆಗಳಿಗೆ ಹೋಗಿ ಬರುವುದರಿಂದ ಗುರುತಿಗಾಗಿ ಚಾಣದಿಂದ ಚುಕ್ಕೆಚುಕ್ಕೆಯಾಗಿ ಕುಟ್ಟಿ ಬರೆಯಿಸುವರು. ಹಂಡೆ ಕೊಳಗಗಳ ಮೇಲೆ ಸಾಮಾನ್ಯವಾಗಿ ಯಜಮಾನನ ಹೆಸರು ಕಾಣುವುದು. ಆದರೆ ಕುಂಕುಮದ ಭರಣಿ, ಅರಿಶಿನದ ಬಟ್ಟಲು ಮೊದಲಾದ ಮದುವೆಯ ಉಡುಗೊರೆಗಳ ತಳದಲ್ಲಿ ಎಷ್ಟೋ ಸಲ ಹೆಣ್ಣಿನ ಹೆಸರೇ ಇರುವುದು. ಹಳೆಯ ದಸ್ತಾವೇಜುಗಳಲ್ಲಿ, ಭೂಮಿಯ ಕಾಗದಗಳಲ್ಲಿ, ನಾವು ಹೆಮ್ಮೆಯಿಂದ ಬರೆದಿಟ್ಟುಕೊಳ್ಳುವ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಹುಡುಕಿ ನೋಡಿರಿ. ಇಂಥವನ ಪತ್ನಿ, ಇಂಥವನ ತಾಯಿ ಎಂದು ಇದ್ದರೆ ಅದೇ ಹೆಚ್ಚು. ತನ್ನ ಹೆಸರನ್ನು ತಾನು ಓದಲಾರದವಳಿಗೂ ಆ ಹೆಸರು ಬರೆದ ಒಂದು ವಸ್ತುವಿದ್ದಿತು. ಅದು ಅಂಗೈಯಷ್ಟು ಹಿತ್ತಾಳೆಯ ಭರಣಿ. ಇತಿಹಾಸಕಾರನ ಕಣ್ಣಿಗೆ ಅದು ಶಾಸನವಲ್ಲದೆ ಮತ್ತೇನು?

ಈ ಶಾಸನಕ್ಕೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟು ಬರೆದರೆ ನಾನು ಸುಳ್ಳು ಹೇಳಿದಂತಾಗುವುದು. ಭರಣಿಯು ಸೌಭಾಗ್ಯದ ಚಿಹ್ನೆಯಾಗಿದ್ದುದರಿಂದಲೇ, ಗಂಡನು ತೀರಿದ ದಿನ ಅದು ಹೆಣ್ಣಿನ ಕೈಯಿಂದ ಹೋಗುತ್ತಿದ್ದಿತು. ನನ್ನ ತಂದೆಯವರಿಗೆ ಒಬ್ಬ ಸೋದರತ್ತೆಯಿದ್ದರು. ತಂದೆಯವರು ಕರೆಯುತ್ತಿದ್ದಂತೆ ನಾವು ಮಕ್ಕಳೂ ಅವರನ್ನು ದೊಡ್ಡತ್ತೆ ಎಂದೇ ಕರೆಯುತ್ತಿದ್ದೆವು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯವು ಒದಗಿ, ತೌರಿಗೆ ಹಿಂದಿರುಗಿ, ಅಲ್ಲಿಯೇ ಐವತ್ತು ವರ್ಷಕ್ಕೆ ಮಿಕ್ಕಿ ಮನೆಯ ಕೆಲಸವನ್ನೆಲ್ಲ ನಡೆಯಿಸಿದವರು. ಮನೆಯಲ್ಲಿ ಗೌರಿಯ ಹಬ್ಬವಾದರೆ ಬಾಗಿನದ ಮೊರಗಳನ್ನು ಸಿದ್ಧಪಡಿಸುವವರು ಅವರೇ. ಅರಿಶಿನ ಕುಂಕುಮವನ್ನು ಕೊಡುವ ಹೊತ್ತಿಗೆ ಅಡಿಗೆಯ ಮನೆಗೆ ಸರಿದು ನಿಲ್ಲುವವರೂ ಅವರೇ.

ನಾನು ಎಂಟೊಂಬತ್ತು ವರ್ಷದವನಾಗಿದ್ದಾಗ ಅಟ್ಟದ ಪೆಟ್ಟಿಗೆಯಲ್ಲಿ ಎರಡು ಅಂತಸ್ತಿನ ಒಂದು ಹಿತ್ತಾಳೆಯ ಭರಣಿಯು ನನಗೆ ಸಿಕ್ಕಿತು. ಮುಚ್ಚಳವು ಬಿಗಿದುಕೊಂಡಿತ್ತು. ಬಲವಾಗಿ ತಿರುಗಿಸಿದಾಗ ಒಳಗೆ ಇಟ್ಟಿಗೆಯ ಚೂರಿನಂತೆ ಗಟ್ಟಿಯಾದ ಕುಂಕುಮವು ಕಂಡಿತು. ತಳದಲ್ಲಿ ಚುಕ್ಕೆಗಳಿಂದ ಬರೆದ ನಾಲ್ಕು ಅಕ್ಷರಗಳಿದ್ದುವು. ಆಗಷ್ಟೇ ಓದಲು ಕಲಿತ ಉತ್ಸಾಹದಲ್ಲಿ ನಾನು ಅದನ್ನು ಗಟ್ಟಿಯಾಗಿ ಓದಿದೆನು. ದೊಡ್ಡತ್ತೆಯವರು ಕೆಳಗಿನಿಂದ ಕೇಳಿ, ಏಣಿಯ ಬುಡಕ್ಕೆ ಬಂದು ಕೈಚಾಚಿದರು. "ಇದು ನಿಮ್ಮದೇ ದೊಡ್ಡತ್ತೆ? ನಿಮ್ಮ ಹೆಸರಿದೆಯಲ್ಲ" ಎಂದೆನು. "ನನ್ನದಲ್ಲ ಮಗು, ಅದು ಆ ಹುಡುಗಿಯದು" ಎಂದು ಹೇಳಿ, ಮುಚ್ಚಳವನ್ನು ತಿರುಗಿಸಿ, ಸೆರಗಿನಲ್ಲಿ ಒರೆಸಿ ಮತ್ತೆ ಪೆಟ್ಟಿಗೆಗೆ ಸೇರಿಸಲು ಕೊಟ್ಟರು. ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಆಗ ಯಾರೂ ಉಳಿದಿರಲಿಲ್ಲ. ಆ ಹೆಸರನ್ನು ಅವರು ಎಷ್ಟು ವರ್ಷಗಳ ಮೇಲೆ ಕಿವಿಯಾರೆ ಕೇಳಿದರೋ!

ದೊಡ್ಡತ್ತೆಯವರು ತೀರಿಕೊಂಡ ಕೆಲವು ವರ್ಷಗಳ ಮೇಲೆ, ಸುಮಾರು ನಲವತ್ತು ವರ್ಷಗಳ ಹಿಂದೆ, ಎಲ್ಲ ಮನೆಗಳಂತೆ ನಮ್ಮ ಮನೆಯಲ್ಲಿಯೂ ಹಿತ್ತಾಳೆಯನ್ನು ಕೊಟ್ಟು ಸ್ಟೀಲಿನ ಪಾತ್ರೆಗಳನ್ನು ತರುವ ಮಾತಾಯಿತು. ಹುಣಿಸೆಹಣ್ಣಿನಲ್ಲಿ ತಿಕ್ಕುವ, ಕಲಾಯಿ ಹಾಕಿಸುವ ದಣಿವು ತಪ್ಪುವುದೆಂದು ಹೆಂಗಸರಿಗೆ ಸಂತೋಷವಾದುದು ಸಹಜವೇ. ಅವರನ್ನು ನಾನು ದೂರುವುದಿಲ್ಲ. ಆಗತಾನೇ ಉಪಾಧ್ಯಾಯನಾಗಿದ್ದ ನಾನೇ ಗೋಣಿಚೀಲವನ್ನು ಅಂಗಡಿಗೆ ಹೊತ್ತೆನು. ತಕ್ಕಡಿಯಲ್ಲಿ ತಂಬಿಗೆ, ತಪ್ಪಲೆಗಳ ಮೇಲೆ ಆ ಭರಣಿಯೂ ಕೂತಿತು. ನಾನು ನೋಡಿದೆನು, ಸುಮ್ಮನಿದ್ದೆನು. ಮಕ್ಕಳಿಗೆ ಇತಿಹಾಸವನ್ನು ಬೋಧಿಸಿ ಸಂಬಳವನ್ನು ಪಡೆಯುತ್ತಿದ್ದವನಿಗೆ, ಕೈಯಲ್ಲಿದ್ದ ಇತಿಹಾಸದ ತೂಕವು ನೂರಿನ್ನೂರು ಗ್ರಾಮೆಂದು ತೋರಿತು. ತಂದೆಯವರು ಬರೆದಿಟ್ಟ ನಮ್ಮ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರ ಹೆಸರುಗಳಿವೆ. ದೊಡ್ಡತ್ತೆಯವರ ಹೆಸರಿಲ್ಲ. ಅದು ಬರೆಯಲ್ಪಟ್ಟಿದ್ದ ಏಕೈಕ ಸ್ಥಳವನ್ನು ನಾನು ಕರಗಿಸಲು ಕೊಟ್ಟು ಬಂದೆನು.

ಈಗ ಕಾಲವು ಬದಲಾಗಿದೆ. ಅಂದು ತೂಕಕ್ಕೆ ಹೋದ ವಸ್ತುಗಳನ್ನು ಇಂದು ಪುರಾತನ ವಸ್ತುಗಳೆಂದು ಗಾಜಿನ ಬೀರುಗಳಲ್ಲಿಟ್ಟು ಮಾರುವರು. ಸಂಗ್ರಾಹಕರು ಸ್ಪರ್ಧೆಯಿಂದ ಕೊಳ್ಳುವರು. ಕರಗಿಹೋಗುವುದಕ್ಕಿಂತ ಇದು ಮೇಲು. ಆದರೂ ಇಲ್ಲಿ ಇನ್ನೊಂದು ಬಗೆಯ ನಾಶವು ನಡೆಯುತ್ತಿದೆ. ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದ ಅಂಗಡಿಯಲ್ಲಿ ನಾನು ಕಂಡ ಮಾವಿನಕಾಯಿಯ ಭರಣಿಯೊಂದರ ತಳವನ್ನು ಅರದಿಂದ ಉಜ್ಜಿದ ಗುರುತಿತ್ತು. ವಿಚಾರಿಸಲಾಗಿ, ಹೆಸರಿದ್ದರೆ ಗಿರಾಕಿಗಳು ಎಷ್ಟೋ ಜನ ಒಪ್ಪುವುದಿಲ್ಲ, ಹೆಸರಿಲ್ಲದಿದ್ದರೆ ಅರಮನೆಯದೆಂದು ಹೇಳಬಹುದು ಎಂದು ವ್ಯಾಪಾರಿಯು ನಿಸ್ಸಂಕೋಚವಾಗಿ ಹೇಳಿದನು. ಒಳಗಿನ ಮೇಣದ ಶೇಷವನ್ನೂ ಕುಂಕುಮದ ಕಲೆಯನ್ನೂ ಹುಳಿಹಚ್ಚಿ ತೊಳೆದು ಥಳಥಳಿಸುವಂತೆ ಮಾಡಿದ್ದಿತು. ವಸ್ತುವು ಉಳಿಯಿತು, ಅದು ಯಾರದೆಂಬುದು ಅಳಿಯಿತು.

ಇದಕ್ಕೆ ಪ್ರತಿಯಾಗಿ ಒಂದು ಸದುದಾಹರಣೆಯನ್ನು ಹೇಳಬೇಕು. ಪುಣೆಯ ದಿನಕರ ಗಂಗಾಧರ ಕೇಳಕರರು ೧೯೨೦ರ ಸುಮಾರಿನಿಂದ, ಯಾರೂ ಬೆಲೆಕೊಡದ ದೀಪ, ಅಡಕತ್ತರಿ, ಬೀಗ, ಕರಂಡ ಮೊದಲಾದ ಗೃಹವಸ್ತುಗಳನ್ನು ಊರೂರು ಅಲೆದು ಕೂಡಿಸಿದರು. ಎಳವೆಯಲ್ಲಿ ತೀರಿಕೊಂಡ ಮಗ ರಾಜನ ಹೆಸರಿನಲ್ಲಿ ಅವರು ನಿಲ್ಲಿಸಿದ ವಸ್ತುಸಂಗ್ರಹಾಲಯದಲ್ಲಿ ಸುಮಾರು ೨೦,೦೦೦ ವಸ್ತುಗಳಿವೆ. ೧೯೯೦ರಲ್ಲಿ ಅವರು ತೀರಿಕೊಳ್ಳುವ ಮೊದಲೇ ಅದು ಸಾರ್ವಜನಿಕರ ಆಸ್ತಿಯಾಗಿದ್ದಿತು. ನಮ್ಮ ನಾಡಿನಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಬಳಿಯ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ ಇವು ಇಂಥ ಕೆಲಸವನ್ನು ಮಾಡುತ್ತಿವೆ. ಮಂಜೂಷಾ ಎಂದು ಹೆಸರಿಟ್ಟವರಿಗೆ ಅಮರಕೋಶವು ಚೆನ್ನಾಗಿ ನೆನಪಿತ್ತೆಂದು ತೋರುತ್ತದೆ.

ಸಂಗ್ರಹಮಾಡಬೇಕೆಂಬ ಅಭಿರುಚಿಯುಳ್ಳವರು ರಾಜಶಾಸನವನ್ನೂ ತಿಳಿದಿರತಕ್ಕುದು. ೧೯೭೨ರ ಪುರಾತನ ವಸ್ತು ಮತ್ತು ಕಲಾನಿಧಿ ಅಧಿನಿಯಮವು ೧೯೭೬ರಲ್ಲಿ ಜಾರಿಗೆ ಬಂದಿತು. ಅದರಂತೆ ಕನಿಷ್ಠ ನೂರು ವರ್ಷಗಳಷ್ಟು ಹಳೆಯದಾದ ಕಲಾಕೌಶಲದ ವಸ್ತುವು ಪುರಾತನ ವಸ್ತುವೆನಿಸುವುದು. ಅದರ ವ್ಯಾಪಾರಕ್ಕೆ ಲೈಸೆನ್ಸು ಬೇಕು. ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ದಂತದ ಭರಣಿಗಳನ್ನು ಮಾರುವುದು ವನ್ಯಜೀವಿಗಳ ರಕ್ಷಣೆಯ ಕಾನೂನಿನಂತೆ ನಿಷಿದ್ಧವು. ಹೊಸದಾಗಿ ಎರಕಹೊಯ್ದು ಹುಳಿಯಿಂದ ಹಳತು ಮಾಡಿದ ವಸ್ತುಗಳೂ ಪೇಟೆಯಲ್ಲಿ ಬೇಕಾದಷ್ಟಿವೆ. ನಿಜವಾದ ಭರಣಿಯಲ್ಲಿ ಸವೆತವು ಬೆರಳು ತಾಗುವೆಡೆಯಲ್ಲಿಯೇ ಇರುವುದು: ಮುಚ್ಚಳದ ಮೊಗ್ಗು, ಕೀಲಿನ ಕಡ್ಡಿ, ಬಾಯಿಯ ಅಂಚು. ಕೈಯಿಂದ ಕಡೆದ ತಿರುಪಿನ ಸುತ್ತುಗಳು ಯಂತ್ರದ ಸುತ್ತುಗಳಂತೆ ಒಂದೇ ಸಮನಾಗಿರುವುದಿಲ್ಲ. ಎಲ್ಲ ಕಡೆಯೂ ಒಂದೇ ಬಗೆಯಾಗಿ ಕಪ್ಪಾದ ವಸ್ತುವನ್ನು ಕಂಡರೆ ಸಂಶಯಪಡತಕ್ಕುದು.

ಆದರೆ ಈ ಪತ್ರಿಕೆಯ ವಾಚಕರಲ್ಲಿ ಹೆಚ್ಚಿನವರು ಕೊಳ್ಳುವವರಲ್ಲ, ಮನೆಯಲ್ಲಿ ಉಳ್ಳವರು. ಅವರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಹಬ್ಬಕ್ಕೆ ದೇವರ ಸಾಮಾನನ್ನು ತೊಳೆಯುವಾಗ ಹಳೆಯ ಭರಣಿಯ ತಳವನ್ನು ಒಮ್ಮೆ ನೋಡಿರಿ. ಅಕ್ಷರವಿದ್ದರೆ ಅದನ್ನು ಓದಿ, ಮನೆಯ ಹಿರಿಯರನ್ನು ಕೇಳಿ, ಆಕೆ ಯಾರು, ಯಾವ ಊರಿನಿಂದ ಬಂದವಳು, ಭರಣಿಯು ಯಾರಿಂದ ಯಾರಿಗೆ ಬಂದಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಅದರೊಡನೆ ಇಡಿರಿ. ಒಳಗಿನ ಹಳೆಯ ಮೇಣವನ್ನು ಕೆರೆದು ತೆಗೆಯಬೇಡಿರಿ. ಹೊರಗನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮಾರಲೇಬೇಕಾಗಿ ಬಂದರೆ ಆ ಕಾಗದವನ್ನೂ ಜತೆಗೆ ಕೊಡಿರಿ. ಕೊಳ್ಳುವವರು ಅದನ್ನು ಕೇಳಿ ಪಡೆಯಲಿ.

ನಾನು ಈ ವರ್ಷ ನಮ್ಮ ವಂಶವೃಕ್ಷದ ಹಾಳೆಯನ್ನು ಹೊಸದಾಗಿ ಪ್ರತಿಮಾಡಿದೆನು. ಅಜ್ಜನವರ ಹೆಸರಿನ ಪಕ್ಕದಲ್ಲಿ ಒಂದು ಗೆರೆಯನ್ನೆಳೆದು, ಎಂಟೊಂಬತ್ತನೆಯ ವಯಸ್ಸಿನಲ್ಲಿ ಓದಿದ ಆ ನಾಲ್ಕು ಅಕ್ಷರಗಳನ್ನು ಬರೆದೆನು. ಭರಣಿಯು ಹೋಯಿತು, ಅದರ ಮೇಲಿನ ಬರಹವು ಒಬ್ಬನ ನೆನಪಿನಲ್ಲಾದರೂ ಉಳಿದಿದ್ದುದರಿಂದ ಇಷ್ಟು ಸಾಧ್ಯವಾಯಿತು. ಎಲ್ಲ ಮನೆಗಳಲ್ಲಿಯೂ ಹಾಗೆ ಓದಿ ನೆನಪಿಟ್ಟುಕೊಂಡವರು ಇರುವರೆಂದು ನೆಚ್ಚುವಂತಿಲ್ಲ.